ಊದುಗೊಳವೆ ಮತ್ತು ಇಂಡಿಯಾನಾ ಜೋನ್ಸ್

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ? ಆಗುಂಬೆಯಲ್ಲಿ ಮೋಡ ಕೆಮ್ಮಿದರೆ ಸಾಕು, ಇಲ್ಲಿ ಬಲ್ಬು ಮಲಗುತ್ತದೆ. ಮೊನ್ನೆ ಭಾನುವಾರ ಮಂಜನ ಮನೆ ಜಗುಲಿಯಲ್ಲಿ ನಾವು ನಾಲ್ಕು ಜನ ಕೂತಾಗ ಕರೆಂಟು ಹೋಗಿ ಎರಡನೇ ದಿನ. ಮೊಬೈಲುಗಳೆಲ್ಲ ಸತ್ತಿದ್ದವು. ಮಂಜನ ಮಗನ ದೊಡ್ಡ ಗೇಮಿನ ಯಂತ್ರ ಟೀವಿ ಕೆಳಗೆ ಬಟ್ಟೆ ಹೊದ್ದು ಮಲಗಿತ್ತು. ಸಾವಿರಾರು ರೂಪಾಯಿಯ ಮಾಲು, ಮಳೆಗಾಲ ಪೂರ್ತಿ ರಜ.

ಆಗ ನಮ್ಮ ಗೆಳೆಯ ಪುಟ್ಟ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದು ಪುಸ್ತಕದ ಹಾಗೆ ಬಿಡಿಸಿದ. ಮೇಲೊಂದು ಪರದೆ, ಕೆಳಗೊಂದು ಪರದೆ.

"ಎಂತ ಮಾರಾಯ, ಎಲೆ ಅಡಿಕೆ ಡಬ್ಬಿಯಾ?" ಎಂದರು ಮೇಷ್ಟ್ರು.

"ನಿಂಟೆಂಡೊ ಡಿಎಸ್ ಮೇಷ್ಟ್ರೇ, ಕೈಯಲ್ಲಿ ಹಿಡಿದು ಗೇಮ್ ಆಡೋ ಯಂತ್ರ. 2004ರಲ್ಲಿ ಬಂದದ್ದು. ಬೆಂಗಳೂರಲ್ಲಿ ಭಾವ ಮನೆ ಖಾಲಿ ಮಾಡುವಾಗ ಕಪಾಟಿನ ಮೂಲೆಯಲ್ಲಿ ಸಿಕ್ಕಿತಂತೆ. ಪೇಟೆಯಲ್ಲಿ ನಮ್ಮ ಅಂಗಡಿ ಇನ್ವರ್ಟರಿಗೆ ಹಾಕಿ ಚಾರ್ಜ್ ಮಾಡಿಕೊಂಡು ಬಂದೆ."

ಒಳಗಿದ್ದ ಗೇಮು ಲೆಗೊ ಇಂಡಿಯಾನಾ ಜೋನ್ಸ್, 2008ರದ್ದು. ಇಂಡಿಯಾನಾ ಜೋನ್ಸ್ ಎಂಬ ನಾಯಕನ ಮೇಲೆ 1981, 1984, 1989ರಲ್ಲಿ ಬಂದ ಮೂರು ಹಾಲಿವುಡ್ ಸಿನಿಮಾಗಳನ್ನು ಹಿಂಡಿ ಅಂಚೆ ಚೀಟಿ ಗಾತ್ರದ ಒಂದು ಕಾರ್ಡಿಗೆ ತುಂಬಿದ್ದಾರೆ. ಟೋಪಿ, ಚಾವಟಿ, ನಿಧಿ ಹುಡುಕುವ ಪ್ರೊಫೆಸರ್, ಎಲ್ಲವೂ ಉಂಟು. ಆದರೆ ಎಲ್ಲರೂ ಲೆಗೊ ಆಟಿಕೆಯ ಪ್ಲಾಸ್ಟಿಕ್ ಬೊಂಬೆಗಳು. ಬೊಂಬೆಗಳು ಮಾತಾಡುವುದೂ ಇಲ್ಲ. "ಹ್ಞೂಂ", "ಹುಂ?", "ಆಹಾ" ಇಷ್ಟೇ. ಬಾಯಿ ತುಂಬ ಕವಳ ಹಾಕಿಕೊಂಡವರ ಭಾಷೆ. ನಮಗೆ ಸಬ್‌ಟೈಟಲ್ಲೇ ಬೇಕಾಗಲಿಲ್ಲ. ಮಂಜನ ಅಪ್ಪ ನಲವತ್ತು ವರ್ಷ ತೋಟದ ಆಳುಗಳಿಗೆ ಕೆಲಸ ಹೇಳಿದ್ದು ಇದೇ ಭಾಷೆಯಲ್ಲಿ.

ಮಡಕೆ ಒಡೆಯಲು ಶುರು ಮಾಡಿದ ಪುಟ್ಟ. ಈ ಗೇಮಿನಲ್ಲಿ ಕಂಡದ್ದನ್ನೆಲ್ಲ ಒಡೆಯಬೇಕು, ಒಡೆದರೆ ನಾಣ್ಯ ಉದುರುತ್ತವೆ. ಬೆಳ್ಳಿಯದಕ್ಕೆ 10, ಚಿನ್ನದ್ದಕ್ಕೆ 100, ನೀಲಿಗೆ 1000.

"ಒಂದು ಬೆಳ್ಳಿ ಎತ್ತಿಕೊ, ಪರವಾಗಿಲ್ಲ" ಎಂದರು ಮೇಷ್ಟ್ರು. "ಎರಡನೆಯದು ಎತ್ತಿದರೆ ಕಲೆಕ್ಟರಿಗೆ ಅರ್ಜಿ ಬರೆಯಬೇಕು. ಬ್ರಿಟಿಷರ 1878ರ ನಿಧಿ ಕಾಯ್ದೆ ಹಾಗೇ ಹೇಳುತ್ತದೆ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಲಿಖಿತ ವರದಿ ಕಡ್ಡಾಯ."

"ಅಷ್ಟರಲ್ಲಿ ಹಿಂದಿನಿಂದ ಉರುಳು ಬಂಡೆ ಬರ್ತದೆ ಮೇಷ್ಟ್ರೇ!"

"ಬರಲಿ. ಸ್ವೀಕೃತಿ ಚೀಟಿ ತಗೊಂಡೇ ಓಡು."

ಮಂಜನಿಗೆ ಬೇರೆಯೇ ತಕರಾರು. ಈ ಜೋನ್ಸ್ ಎಲ್ಲೆಲ್ಲೋ ಅಲೆಯುವ ಬದಲು ನಮ್ಮ ಕಡೆಯ 'ನಗರ' ಎಂಬ ಊರಿನ ಕೋಟೆಗೆ ಬರಬಾರದಿತ್ತಾ? "ಬಂದು ಏನು ಮಾಡ್ತಾನೆ?" ಎಂದೆ ನಾನು. "ಅದು ಬಿದನೂರು ಆಗಿದ್ದಾಗ, 1763ರಲ್ಲೇ, ಹೈದರಾಲಿ ಬಂದು ಖಜಾನೆ ಗುಡಿಸಿಕೊಂಡು ಹೋದ. ಊರಿಗೆ ಹೈದರನಗರ ಅಂತ ತನ್ನದೇ ಹೆಸರೂ ಇಟ್ಟ. ಇನ್ನು ಇವನಿಗೆ ಸಿಗೋದು ಪಾಚಿ ಮತ್ತು ರಕ್ತ ಹೀರೋ ಉಂಬಳ." ಉಂಬಳ ಅಂದ ಕೂಡಲೇ ನಾಲ್ಕೂ ಜನ ಕಾಲು ನೋಡಿಕೊಂಡೆವು. ಮೇಷ್ಟ್ರ ಹಿಮ್ಮಡಿಯಲ್ಲಿ ಒಂದು ಇತ್ತು. ಅದಕ್ಕೆ ಸುಣ್ಣ ಮುಟ್ಟಿಸುವ ತನಕ ಗೇಮು ನಿಂತಿತು.

ಎರಡನೇ ಸಿನಿಮಾದ ಭಾಗ ಬಂದಾಗ ಮೇಷ್ಟ್ರಿಗೆ ಸಿಟ್ಟು ಬಂತು. ಕಥೆ ಭಾರತದ್ದು, ಶೂಟಿಂಗ್ ಶ್ರೀಲಂಕಾದಲ್ಲಿ, ಯಾಕೆಂದರೆ ನಮ್ಮ ಸರ್ಕಾರ ಒಪ್ಪಲಿಲ್ಲ. ಖಳನಾಯಕ ಅಮರೀಶ್ ಪುರಿ. ಅದಕ್ಕೂ ಮೊದಲೇ, 1973ರಲ್ಲಿ, ಕಾರ್ನಾಡರ 'ಕಾಡು' ಚಿತ್ರದಲ್ಲಿ ಅವರು ನಮ್ಮ ಗೌಡರಾಗಿದ್ದವರು. "ಅದೆಲ್ಲ ಇರಲಿ. ಅರಮನೆ ಊಟ ಅಂತ ಹಾವು, ಹುಳ, ಕೋತಿ ಮಿದುಳು ಬಡಿಸ್ತಾರಲ್ಲ, ಯಾವ ಮದುವೆಯಲ್ಲಿ ನೋಡಿದ್ದರಂತೆ? ನಾವು ಹುಳ ತಿನ್ನೋ ಜನವಾ?"

ಪುಟ್ಟ ತಲೆ ಎತ್ತಲಿಲ್ಲ. "ಮೇಷ್ಟ್ರೇ, ಕಳೆದ ವಾರ ನಿಮ್ಮ ಮನೆಯಲ್ಲಿ ರೊಟ್ಟಿ ಜತೆ ಕೊಟ್ಟಿರಲ್ಲ, ಚಗಳಿ ಚಟ್ನಿ?"

"ಅದು ಇರುವೆ. ಔಷಧಿ" ಎಂದರು ಮೇಷ್ಟ್ರು. ಆಮೇಲೆ ಸ್ವಲ್ಪ ಹೊತ್ತು ಮಳೆ ನೋಡಿದರು.

ಆದರೆ ನನಗೆ ಈ ಗೇಮಿನಲ್ಲಿ ಇಷ್ಟವಾದದ್ದು ಒಂದೇ. ನಾಯಕನಿಗೆ ಹಾವಿನ ಭಯ. ಗನ್ನು, ಗುಂಡು, ಬಂಡೆ ಯಾವುದಕ್ಕೂ ಜಗ್ಗದವನು ಹಾವು ಕಂಡರೆ ನಡುಗುತ್ತಾನೆ. ಆಗುಂಬೆಯಲ್ಲಿ ಹಾವಿನ ತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ಮಳೆಕಾಡಿನ ಕೇಂದ್ರ ಕಟ್ಟಿದರಲ್ಲ, ಅಲ್ಲಿಯವರು ಕಾಳಿಂಗ ಸರ್ಪದ ಮೈಯೊಳಗೆ ಪುಟ್ಟ ರೇಡಿಯೊ ಇಟ್ಟು ಕಾಡೆಲ್ಲ ಅದರ ಬೆನ್ನು ಹತ್ತಿದವರು. ಈ ಜೋನ್ಸನನ್ನು ಅಲ್ಲಿಗೆ ಒಂದು ತಿಂಗಳು ಟ್ರೈನಿಂಗಿಗೆ ಹಾಕಬೇಕಿತ್ತು. ನಮಗೂ ಹೀಗೆ ಒಂದೊಂದು ಭಯ ಅಂಟಿಸಿದರೆ? ಮಂಜ ಕೊಳೆ ರೋಗದ ಅಡಿಕೆ ಗೊನೆ ಕಂಡರೆ ನಿಂತಲ್ಲೇ ನಡುಗುವವನು. ಮೇಷ್ಟ್ರು ಚುನಾವಣೆ ಡ್ಯೂಟಿ ಆದೇಶ ಕಂಡರೆ. ಪುಟ್ಟನಾದರೆ, ಸಾಲ ಕೊಟ್ಟವರ ಬೈಕ್ ಸದ್ದು ಕೇಳಿದರೆ. ನನ್ನದನ್ನು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಓದುತ್ತಾರೆ.

ಅಷ್ಟರಲ್ಲಿ ಗೇಮಿನಲ್ಲಿ ಒಂದು ಪಂಜು ಎದುರಾಯಿತು. ಅದನ್ನು ಆರಿಸಬೇಕು. ಬಟನ್ ಇಲ್ಲ. ಡಬ್ಬಿಯಲ್ಲಿ ಮೈಕಿನ ತೂತು ಉಂಟು, ಅದಕ್ಕೆ ಊದಬೇಕು.

ಪುಟ್ಟ ಊದಿದ. ಪಂಜು ಕದಲಲಿಲ್ಲ. ಮೇಷ್ಟ್ರು ಕಾಫಿ ಆರಿಸುವವರ ಹಾಗೆ ಊದಿದರು. ಊಹೂಂ.

"ಈಚೆ ಕೊಡಿ" ಎಂದ ಮಂಜ. ದಿನಾ ಬೆಳಗ್ಗೆ ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಹಾಕಿ ಊದುವವನು ಅವನು. ಅನುಭವಸ್ಥ. ಕೆನ್ನೆ ಉಬ್ಬಿಸಿ ಊದಿದ ರಭಸಕ್ಕೆ ಬಾಯಲ್ಲಿದ್ದ ಹಲಸಿನ ಹಪ್ಪಳ ಎರಡೂ ಪರದೆಗೆ ಸಮನಾಗಿ ಹಂಚಿಹೋಯಿತು. ಪುಟ್ಟ ಅದನ್ನು ಪಂಚೆ ತುದಿಯಿಂದ ಒರೆಸುತ್ತಿದ್ದ ಹಾಗೆ ಇವನು ಒಳಗೆ ಹೋಗಿ ಊದುಗೊಳವೆ ತಂದ. ಕಬ್ಬಿಣದ್ದು, ತುದಿ ಕಪ್ಪು. ಅದನ್ನು ಮೈಕಿನ ತೂತಿಗೆ ಸರಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಊದಿದ. ಪಂಜು ಆರಿತು. ಜತೆಗೆ ಗೊಳವೆಯೊಳಗಿದ್ದ ಬೂದಿಯೆಲ್ಲ ಪುಟ್ಟನ ಮುಖಕ್ಕೆ ಬಂತು.

ನಮ್ಮ ಕೂಗಿಗೆ ಅಜ್ಜಿ ಹೊರಗೆ ಬಂದರು. ಬೂದಿ ಮುಖದ ಪುಟ್ಟನನ್ನು ನೋಡಿ ಏನೂ ಕೇಳಲಿಲ್ಲ. ಪರದೆ ನೋಡಿ ಕೇಳಿದರು: "ಬಾಯಲ್ಲಿ ಊದಿ ದೀಪ ಆರಿಸ್ತಾರನಾ ಅಪ್ಪಿ?"

"ಅದು ದೀಪ ಅಲ್ಲ ಅಜ್ಜಿ, ಪಂಜು. ಊದದಿದ್ದರೆ ಮುಂದೆ ಹೋಗೋಕೆ ಆಗಲ್ಲ."

"ಎಣ್ಣೆ ಉಂಟಾ, ಬೆಂಕಿ ಉಂಟಾ? ಹಾಗಿದ್ದರೆ ದೀಪವೇ. ಮುಂದೆ ಹೋಗಬೇಡಿ, ಇಲ್ಲೇ ಕೂರಿ."

ಅದೇ ಹೊತ್ತಿಗೆ ಕರೆಂಟು ಬಂತು. ಬಲ್ಬು ಹತ್ತಿತು, ಒಳಗೆ ಫ್ರಿಜ್ಜು ಗುರ್ ಎಂದಿತು. ಮಂಜ ಅದೇ ಗುಂಗಿನಲ್ಲಿ ಕಟ್ಟೆ ಮೇಲಿನ ಚಿಮಣಿ ಬುಡ್ಡಿ ಕಡೆ ತಿರುಗಿ ಕೆನ್ನೆ ಉಬ್ಬಿಸಿದ. ಅಜ್ಜಿ ಸುಮ್ನೆ ನೋಡಿದರು. ಅವನು ಗಾಳಿಯನ್ನೆಲ್ಲ ನಿಧಾನಕ್ಕೆ ಮೂಗಿನಲ್ಲಿ ಬಿಟ್ಟು, ಕೈ ಬೀಸಿ ಬುಡ್ಡಿಯನ್ನು ಶಾಂತ ಮಾಡಿದ.

ಹೊಗೆ ಇನ್ನೂ ಏಳುತ್ತಿತ್ತು, ಕರೆಂಟು ಮತ್ತೆ ಹೋಯ್ತು. ಜಗುಲಿಯಲ್ಲಿ ಬೆಳಕು ಅಂತ ಇದ್ದದ್ದು ಪುಟ್ಟನ ಕೈಯಲ್ಲಿದ್ದ ಎರಡು ಪರದೆ ಮಾತ್ರ.

"ಅಪ್ಪಿ," ಎಂದರು ಅಜ್ಜಿ ಕತ್ತಲಿಂದ, "ಆ ಡಬ್ಬಿ ಈಚೆ ಹಿಡಿ. ಬೆಂಕಿಪೊಟ್ಟಣ ಎಲ್ಲಿಟ್ಟೆ ನೋಡ್ತೇನೆ."