ಸಾಲ ಮಾಡಿ ಎಂಜಿನಿಯರಿಂಗ್ ಓದಿಸಬೇಕೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬರಲಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತದೆ, ಆದರೆ ಸಾಲ ಮಾಡಬೇಕು. ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರುತ್ತೇನೆ ಎನ್ನುತ್ತಿದ್ದಾಳೆ. ಏನು ಮಾಡಲಿ?

ಕಂತು ಕಟ್ಟುತ್ತಿರುವ ಅಪ್ಪ: ಮಗನಿಗಾಗಿ ಏಳೂವರೆ ಲಕ್ಷ ಶಿಕ್ಷಣ ಸಾಲ ತೆಗೆದೆ. ಅದನ್ನು ಮೀರಿದ್ದರೆ ಮನೆ ಪತ್ರ ಅಡ ಇಡಬೇಕಿತ್ತು. ಬಡ್ಡಿ ಶೇ 10.5. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ ಎಂದು ಬ್ಯಾಂಕಿನವರು ನಗುನಗುತ್ತಾ ಹೇಳಿದರು. ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ ಎನ್ನುವಾಗ ದನಿ ತಗ್ಗಿತು. ವರ್ಷಕ್ಕೆ 1,87,500ರಂತೆ ಬಿಡುಗಡೆಯಾದ ಹಣಕ್ಕೆ ಆ ಅವಧಿಯ ಬಡ್ಡಿಯೇ 2,75,625. ಅಸಲಿಗೆ ಸೇರಿಸಿದಾಗ 10,25,625. ಹತ್ತು ವರ್ಷ, ತಿಂಗಳಿಗೆ 13,839. ಮಗನ ಮೊದಲ ಸಂಬಳ 18,000. ಹಾಸ್ಟೆಲ್ ಬೇರೆ, ‘ಪ್ಲೇಸ್‌ಮೆಂಟ್ ತರಬೇತಿ ಶುಲ್ಕ’ ಬೇರೆ. ತರಬೇತಿ ಕೊಟ್ಟವರಿಗಂತೂ ಕೆಲಸ ಸಿಕ್ಕಿತು.

ಡಿಪ್ಲೊಮಾದಿಂದ ಬಂದವನು: ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಪಾಲಿಟೆಕ್ನಿಕ್ ಸೇರಿದ್ದರೆ ಈ ಗೋಳೇ ಇಲ್ಲ. ನಾನು ಮೆಕ್ಯಾನಿಕಲ್ ಮುಗಿಸಿ, ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಲೇ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ನಡೆಸಲು ಕಲಿತೆ. ಆಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ, ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ. ಸೇರಿದೆ. ಗಣಿತ ಬೆವರಿಳಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂದು ‘ಡಿಪ್ಲೊಮಾದವನು’ ಎಂದು ಮೂಗು ಮುರಿದವರೇ ಇಂದು ನನಗೆ ರೆಸ್ಯೂಮೆ ಕಳಿಸುತ್ತಾರೆ.

ಮಗಳನ್ನು ಓದಿಸಿದ ತಾಯಿ: ಇವರಿಬ್ಬರದೂ ಗಂಡುಮಕ್ಕಳ ಲೆಕ್ಕ. ನಾನು ಅವಲಕ್ಕಿ ಸರ, ಎರಡು ಜೊತೆ ಬಳೆ ಮಾರಿ, ಉಳಿದದ್ದಕ್ಕೆ ಸಾಲ ಮಾಡಿದೆ. ‘ಮದುವೆಗೆ ಏನಿಟ್ಟಿದ್ದೀಯ’ ಎಂದು ಕೇಳಿದ ನಾದಿನಿ ಈಗ ತನ್ನ ಮಗಳಿಗೂ ಅದೇ ಕಾಲೇಜು ವಿಚಾರಿಸುತ್ತಿದ್ದಾಳೆ. ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲಕ್ಕೆಂದೇ 80ಇ ಸೆಕ್ಷನ್ನಿನ ವಿನಾಯಿತಿಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ.

ಕಂತು ಕಟ್ಟುತ್ತಿರುವ ಅಪ್ಪ: ಅಮ್ಮಾ, 80ಇ ಬಡ್ಡಿಗೆ ಮಾತ್ರ, ಅಸಲಿಗಲ್ಲ, ಅದೂ ಎಂಟು ವರ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ. ಹದಿನೆಂಟು ಸಾವಿರದವನಿಗೆ ತೆರಿಗೆಯೇ ಬೀಳುವುದಿಲ್ಲ, ವಿನಾಯಿತಿ ಯಾವುದರಿಂದ?

ಮಗಳನ್ನು ಓದಿಸಿದ ತಾಯಿ: ಸಾಲದಲ್ಲಿ ನಿಮ್ಮ ಹೆಸರೂ ಇದೆಯಲ್ಲ, ಕಂತು ಕಟ್ಟುವವರೂ ನೀವೇ. ಹಳೆಯ ಪದ್ಧತಿ ಆರಿಸಿಕೊಂಡು ನೀವೇ ಪಡೆಯಬಹುದು. ನಿಯಮ ಓದದೆ ಬ್ಯಾಂಕಿನವರನ್ನು ಬೈದರೆ ಏನು ಬಂತು?

ಅತಿಥಿ ಉಪನ್ಯಾಸಕ: ಬಿ.ಎಸ್ಸಿ. ಬಗ್ಗೆ ಕೇಳಿದ್ದೀರಿ. ಎಂ.ಎಸ್ಸಿ. ಮಾಡಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾದ ನಾನು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುತ್ತೇನೆ. ರಜೆಯ ತಿಂಗಳಲ್ಲಿ ಗೌರವಧನವಿಲ್ಲ. ಶುಲ್ಕ ಕಡಿಮೆ ಎಂದು ಓದು ಅಗ್ಗವಾಗುವುದಿಲ್ಲ, ವಯಸ್ಸೂ ಖರ್ಚಾಗುತ್ತದೆ.

ಡಿಪ್ಲೊಮಾದಿಂದ ಬಂದವನು: ಸರ್, ಕೈಕೆಲಸ ಕಲಿತಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಅತಿಥಿ ಉಪನ್ಯಾಸಕ: ನಿಮಗೆ ಬೆವರಿಳಿಸಿದ ಆ ಗಣಿತವನ್ನು ಕಲಿಸುವುದೇ ನನ್ನ ಕೆಲಸ ಸ್ವಾಮಿ. ಪಾಠ ಮಾಡುವವರೆಲ್ಲ ಲೇಥ್ ಹಿಡಿದು ನಿಂತರೆ ನಿಮ್ಮ ಡಿಸಿಇಟಿಗೆ ಯಾರು ತಯಾರಿ ಮಾಡಿಸುತ್ತಿದ್ದರು?