ಹಳೆ ಟೂ-ಸ್ಟ್ರೋಕ್ ಔಟ್‌ಬೋರ್ಡ್: ಒಂದು ಸಿಲಿಂಡರಿನ ಕಂಪ್ರೆಷನ್ ಬಿದ್ದಿದೆ, ಪಿಸ್ಟನ್ ಮಾತ್ರ ಬದಲಿಸಿದರೆ ಸಾಕಾ?

ತ್ರಾಸಿ ದೋಣಿ:
ಎಲ್ಲರಿಗೂ ನಮಸ್ಕಾರ. ನಮ್ಮ ನಾಡದೋಣಿಗೆ ಇರುವುದು 9.9 ಎಚ್‌ಪಿಯ ಹಳೆ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಕಟ್ಟುವ ಎಂಜಿನ್), ಎರಡು ಸಿಲಿಂಡರ್, ಒಂದೇ ಕಾರ್ಬೊರೇಟರ್. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮಾದರಿ. ಮೊನ್ನೆ ಬಲೆ ಎಳೆದು ವಾಪಸ್ ಬರುವಾಗ ಫುಲ್ ಥ್ರಾಟಲಲ್ಲಿ ಇದ್ದ ಎಂಜಿನ್ ಒಮ್ಮೆಲೇ ಬಲ ಕಳೆದುಕೊಂಡಿತು, ಕರ್ರ್ ಅಂತ ಸದ್ದು ಬಂತು, ನಿಂತೇಹೋಯಿತು. ತಣ್ಣಗಾದ ಮೇಲೆ ಹಗ್ಗ ಎಳೆದರೆ ತಿರುಗುತ್ತದೆ, ಆದರೆ ಮೊದಲಿನ ಬಿಗಿ ಇಲ್ಲ. ಸ್ಟಾರ್ಟೂ ಆಗುತ್ತದೆ, ಆದರೆ ನಡುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಗ್ಯಾರೇಜಲ್ಲಿ ಒಬ್ಬರು ಒಂದು ಪಿಸ್ಟನ್, ರಿಂಗ್ ಹಾಕಿದರೆ ಮುಗಿಯಿತು ಅಂದರು. ಇನ್ನೊಬ್ಬರು ಎಂಜಿನ್ ಗುಜರಿಗೆ ಹಾಕಿ ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ನಮಗೆ ದುಡಿಮೆ ಆಗುವುದೇ ಆ 61 ದಿನ. ಅಷ್ಟರೊಳಗೆ ಎಂಜಿನ್ ಸರಿಯಾಗಬೇಕು. ಎಲ್ಲಿಂದ ಶುರು ಮಾಡಲಿ?

ಹೊನ್ನಾವರ ಬಂದರು:
ಮೊದಲು ಕಾರ್ಬೊರೇಟರ್ ಕ್ಲೀನ್ ಮಾಡಿ ನೋಡಿ ಅಣ್ಣ. ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿದರೆ ಪೆಟ್ರೋಲ್ ಕಮ್ಮಿ, ಅದರಲ್ಲೇ ಬೆರೆಸಿದ ಆಯಿಲೂ ಕಮ್ಮಿ, ಎಂಜಿನ್ ಜಾಮ್ ಆಗುತ್ತದೆ.

ಮಲ್ಪೆ ಮೆಕ್ಯಾನಿಕ್:
ಕಾರ್ಬೊರೇಟರ್ ಕ್ಲೀನ್ ಮಾಡಲೇಬೇಕು, ಸರಿ. ಆದರೆ ಅದಕ್ಕೂ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿ ಮಾರಾಯ್ರೆ. ಎರಡೂ ಸ್ಪಾರ್ಕ್ ಪ್ಲಗ್ ತೆಗೆಯಿರಿ, ಪ್ಲಗ್ ವಯರ್ ಬಾಡಿಗೆ ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದಿಡಿ, ಗೇಜ್ ಹಾಕಿ ಮುಳ್ಳು ಇನ್ನು ಮೇಲೇರುವುದಿಲ್ಲ ಅನ್ನುವವರೆಗೆ ಹಗ್ಗ ಎಳೆಯಿರಿ. ಸೀಮೆಎಣ್ಣೆ ಎಂಜಿನಿಗೆ ಕಂಪ್ರೆಷನ್ ಹುಟ್ಟಿನಿಂದಲೇ ಕಮ್ಮಿ, ಹಾಗಾಗಿ ಪೆಟ್ರೋಲ್ ಎಂಜಿನಿನ ಅಂಕೆಗೆ ಹೋಲಿಸಿ ಗಾಬರಿಯಾಗಬೇಡಿ. ಎರಡು ಸಿಲಿಂಡರಿನ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದೇ ಮುಖ್ಯ. ಶೇ 10ರ ಒಳಗಿದ್ದರೆ ಪರವಾಗಿಲ್ಲ. ಪ್ಲಗ್ ಎರಡನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ಹಾಕಿ, ಒರೆಸಬೇಡಿ.

ತ್ರಾಸಿ ದೋಣಿ:
ನೋಡಿದೆ. ಕೆಳಗಿನದು 90 ಪಿಎಸ್‌ಐ, ಮೇಲಿನದು 50. ಮೇಲಿನ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಎಳೆದೆ, 65ಕ್ಕೆ ಬಂತು. ಕೆಳಗಿನ ಪ್ಲಗ್ ಕಂದು ಬಣ್ಣ. ಮೇಲಿನದು ಬೆಳ್ಳಗೆ, ತುದಿಯಲ್ಲಿ ಬೆಳ್ಳಿ ಪುಡಿಯ ಹಾಗೆ ಚುಕ್ಕೆಗಳಿವೆ. ಎಂಜಿನ್ ತಣಿಸಿ ಹೊರಗೆ ಚಿಮ್ಮುವ ನೀರಿನ ಧಾರೆ ಬರುತ್ತಿತ್ತು, ಆದರೆ ಸಣ್ಣಗೆ.

ಮಲ್ಪೆ ಮೆಕ್ಯಾನಿಕ್:
ಆ ಬೆಳ್ಳಿ ಚುಕ್ಕೆ ನಿಮ್ಮ ಪಿಸ್ಟನ್ನಿನದೇ ಅಲ್ಯೂಮಿನಿಯಂ. ಇನ್ನು ಸ್ಟಾರ್ಟ್ ಮಾಡಬೇಡಿ, ಒಮ್ಮೆಯೂ ಬೇಡ. ಪ್ರತಿ ಸಲ ತಿರುಗಿಸಿದಾಗಲೂ ಆ ಚೂರು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಬೇರಿಂಗಿಗೆ ಇಳಿಯುತ್ತದೆ.

ಈಗ ಯೋಚಿಸಿ. ಕಾರ್ಬೊರೇಟರ್ ಒಂದೇ, ಎರಡು ಸಿಲಿಂಡರಿಗೂ ಅದರಿಂದಲೇ ಹೋಗುವುದು. ಜೆಟ್ ಕಟ್ಟಿದ್ದರೆ, ಟ್ಯಾಂಕಿಗೆ ಆಯಿಲ್ ಕಮ್ಮಿ ಹಾಕಿದ್ದರೆ, ಎರಡೂ ಕಡೆ ಗಾಯ ಆಗಬೇಕಿತ್ತು. ಮೇಲಿನದು ಮಾತ್ರ ಸತ್ತಿದೆ ಅಂದರೆ ಅದಕ್ಕೇ ಸಂಬಂಧಪಟ್ಟ ಕಾರಣ ಹುಡುಕಬೇಕು. ನನ್ನ ಅನುಮಾನ ಎರಡರ ಮೇಲೆ. ಒಂದು, ನೀರು. ಔಟ್‌ಬೋರ್ಡಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಪಂಪ್ ಸೋತರೆ ಅಥವಾ ದಾರಿಯಲ್ಲಿ ಉಪ್ಪು ಕಟ್ಟಿದರೆ ಮೊದಲು ಒಣಗುವುದು ಮೇಲಿನ ಸಿಲಿಂಡರ್. ಎರಡು, ಫ್ಲೈವೀಲ್ (ಎಂಜಿನಿನ ಮೇಲ್ತುದಿಯ ಭಾರದ ಚಕ್ರ) ಕೆಳಗಿನ ಕ್ರ್ಯಾಂಕ್ ಆಯಿಲ್ ಸೀಲ್. ಟೂ-ಸ್ಟ್ರೋಕಲ್ಲಿ ಗಾಳಿ, ಪೆಟ್ರೋಲ್, ಆಯಿಲ್ ಎಲ್ಲವೂ ಕ್ರ್ಯಾಂಕ್‌ಕೇಸಿನ ಮೂಲಕವೇ ಹೋಗುತ್ತದಲ್ವಾ, ಆ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಅಲ್ಲಿಂದ ಬರೀ ಗಾಳಿ ಒಳಗೆ ಎಳೆಯುತ್ತದೆ. ಮೇಲಿನ ಸಿಲಿಂಡರಿಗೆ ಮಾತ್ರ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ.

ನೀರಿನ ಧಾರೆ ಬರುತ್ತಿತ್ತು ಅನ್ನುವುದನ್ನು ನಂಬಿ ಕೂರಬೇಡಿ. ತುಂಬಾ ಎಂಜಿನಲ್ಲಿ ಧಾರೆಯ ಪೈಪ್ ಹೆಡ್‌ನ (ಸಿಲಿಂಡರಿನ ತಲೆಯ ಮುಚ್ಚಳ) ಒಳಗೆಲ್ಲ ಸುತ್ತಿ ಬಂದ ನೀರನ್ನು ತೋರಿಸುವುದಿಲ್ಲ. ಹೆಡ್ ಕಟ್ಟಿಕೊಂಡಿದ್ದರೂ ಧಾರೆ ಬರುತ್ತಲೇ ಇರಬಹುದು.

ಫ್ಲೈವೀಲ್ ತೆಗೆದು ಕೆಳಗೆ ಎಣ್ಣೆಯ ಪಸೆ ಇದೆಯಾ ನೋಡಿ. ಪುಲ್ಲರ್ ಹಾಕಿಯೇ ತೆಗೆಯಿರಿ, ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕ್ ಹಾಳಾಗುತ್ತದೆ. ಆಮೇಲೆ ಹೆಡ್ ಬಿಚ್ಚಿ. ಉಪ್ಪುನೀರಿನ ಎಂಜಿನ್, ಬೋಲ್ಟ್ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಪೆಟ್ರೋಲ್ ಟ್ಯಾಂಕ್, ಪೈಪ್ ಎಲ್ಲ ದೂರ ಇಟ್ಟು ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಸಿ ಮಾಡಿ, ಬಿಗಿ-ಸಡಿಲ ಬಿಗಿ-ಸಡಿಲ ಅಂತ ಆಡಿಸುತ್ತಾ ತೆಗೆಯಿರಿ. ಬೋಲ್ಟ್ ಮುರಿದರೆ ಅದನ್ನು ಹೊರಗೆ ತೆಗೆಯುವುದೇ ಒಂದು ದೊಡ್ಡ ಕೆಲಸ.

ತ್ರಾಸಿ ದೋಣಿ:
ಬೋಲ್ಟ್ ಎಲ್ಲ ಮುರಿಯದೆ ಬಂತು. ಫ್ಲೈವೀಲ್ ಕೆಳಗೆ ಒಣಗಿದೆ, ಎಣ್ಣೆ ಇಲ್ಲ. ಹೆಡ್ ಒಳಗೆ ನೀರಿನ ದಾರಿ ಮೇಲ್ಗಡೆ ಪೂರಾ ಬಿಳಿ ಕಲ್ಲಿನ ಹಾಗೆ ಕಟ್ಟಿದೆ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ವಾಲ್ವ್) ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಂಡಿದೆ. ಬಿಸಿನೀರಲ್ಲಿ ಹಾಕಿದರೂ ತೆರೆಯಲಿಲ್ಲ. ನೀರಿನ ಪಂಪಿನ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ, ಎಸಳುಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿವೆ, ಒಂದು ತುಂಡಾಗಿದೆ. ಸಿಲಿಂಡರಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಕಡೆ ಉದ್ದುದ್ದ ಗೀರು, ಉಳಿದ ಮೂರು ಕಡೆಯೂ ಸ್ವಲ್ಪ ಸ್ವಲ್ಪ ಉಜ್ಜಿದ ಗುರುತು. ಪಿಸ್ಟನ್ ಮೇಲ್ಭಾಗ ಚೆನ್ನಾಗಿದೆ, ತೂತಿಲ್ಲ.

ಮಲ್ಪೆ ಮೆಕ್ಯಾನಿಕ್:
ಕಾರಣ ಸಿಕ್ಕಿತು. ನಾಲ್ಕು ಕಡೆ ಉಜ್ಜಿದೆ ಅಂದರೆ ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿಗೆ ಕಚ್ಚಿದೆ. ಎಕ್ಸಾಸ್ಟ್ ಕಡೆ ಮೊದಲೇ ಬಿಸಿ ಜಾಸ್ತಿ, ಅಲ್ಲಿ ಗೀರು ಆಳ. ಮಿಶ್ರಣ ತೆಳುವಾದರೆ ಸಾಮಾನ್ಯವಾಗಿ ಎಕ್ಸಾಸ್ಟ್ ಕಡೆ ಮಾತ್ರ ಗೀರು ಇರುತ್ತಿತ್ತು. ಸೀಮೆಎಣ್ಣೆಯಲ್ಲಿ ಟಣ್ ಟಣ್ ಬಡಿತ ಆಗಿದ್ದರೆ ಪಿಸ್ಟನ್ನಿನ ಮೇಲಂಚು ಇರುವೆ ತಿಂದ ಹಾಗೆ ಕಾಣುತ್ತಿತ್ತು, ನಿಮ್ಮದರಲ್ಲಿ ಅದಿಲ್ಲ. ಆ ಗ್ಯಾರೇಜಿನವರು ಹೇಳಿದ ಹಾಗೆ ಪಿಸ್ಟನ್ ಮಾತ್ರ ಹಾಕಿದ್ದರೆ ಹೊಸ ಪಿಸ್ಟನ್ನೂ ಅದೇ ಗತಿಗೆ ಹೋಗುತ್ತಿತ್ತು. ಗುಜರಿಗೆ ಹಾಕುವ ಎಂಜಿನೂ ಇದಲ್ಲ.

ಸಿಲಿಂಡರಿಗೆ ಅಂಟಿದ ಅಲ್ಯೂಮಿನಿಯಂ ಮೊದಲು ತೆಗೆಯಬೇಕು, ಆಮೇಲೆ ತಾನೇ ಲೈನರ್ (ಸಿಲಿಂಡರಿನ ಒಳಗೋಡೆ) ಎಷ್ಟು ಹಾಳಾಗಿದೆ ಗೊತ್ತಾಗುವುದು. ಲೈನರ್ ಬೀಡು ಕಬ್ಬಿಣ, ಹಾರ್ಡ್‌ವೇರ್ ಅಂಗಡಿಯ ಟಾಯ್ಲೆಟ್ ಆ್ಯಸಿಡನ್ನು ಹತ್ತಿಕಡ್ಡಿಯಲ್ಲಿ ಆ ಪಟ್ಟಿಯ ಮೇಲೆ ಮಾತ್ರ ಸವರಿ. ಬುರುಬುರು ನೊರೆ ನಿಂತರೆ ಅಲ್ಯೂಮಿನಿಯಂ ಹೋಯಿತು. ಬ್ಲಾಕೂ ಅಲ್ಯೂಮಿನಿಯಮ್ಮೇ, ಹೊರಗೆ ಚೆಲ್ಲಿದರೆ ಅದನ್ನೂ ತಿನ್ನುತ್ತದೆ. ಬಯಲಲ್ಲಿ ಮಾಡಿ, ಗ್ಲೌಸು, ಕನ್ನಡಕ ಹಾಕಿ, ಹತ್ತಿರ ಬೀಡಿ ಬೇಡ, ಬರುವ ಅನಿಲ ಹೊತ್ತಿಕೊಳ್ಳುತ್ತದೆ. ಕೂಡಲೇ ಅಡಿಗೆ ಸೋಡಾ ನೀರು, ಆಮೇಲೆ ಸಿಹಿನೀರು, ಒರೆಸಿ ಎಣ್ಣೆ. ನಂತರ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ, ಅಳತೆಯೂ ಸರಿಯಿದ್ದರೆ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಸ್ವಲ್ಪ ಉಜ್ಜುವುದು) ಸಾಕು. ಸಿಕ್ಕಿಕೊಂಡರೆ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರ್ ಕೊರೆದು ಸ್ವಲ್ಪ ದೊಡ್ಡದು ಮಾಡಿಸಬೇಕು.

ತ್ರಾಸಿ ದೋಣಿ:
ಉಗುರು ಸಿಕ್ಕಿಕೊಳ್ಳುತ್ತದೆ. ಒಂದನ್ನೇ ಬೋರ್ ಮಾಡಿಸಬಹುದಾ, ಇಲ್ಲ ಎರಡನ್ನೂ ಮಾಡಿಸಬೇಕಾ? ದುಡ್ಡಿನ ವಿಷಯ.

ಮಲ್ಪೆ ಮೆಕ್ಯಾನಿಕ್:
ಕೆಳಗಿನದು ಅಳತೆಯಲ್ಲಿ ಸರಿ ಇದ್ದರೆ ಮೇಲಿನದೊಂದೇ ಸಾಕು, ಈ ಸಣ್ಣ ಎಂಜಿನಿಗೆ ತೊಂದರೆ ಇಲ್ಲ. ಆದರೆ ಪಿಸ್ಟನ್ ಮೊದಲು ತನ್ನಿ. ನಿಮ್ಮ ಮಾದರಿಗೆ 0.25 ಎಂಎಂ ದೊಡ್ಡ ಪಿಸ್ಟನ್ ಸಿಗುತ್ತದಾ 0.50 ಸಿಗುತ್ತದಾ ನೋಡಿ, ಆ ಪಿಸ್ಟನ್ನನ್ನೇ ಲೇತಿನವರ ಕೈಗೆ ಕೊಟ್ಟು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಲು ಹೇಳಿ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಲು ಹೊರಟರೆ ಸೀಸನ್ ಮುಗಿಯುತ್ತದೆ. ಬೋರ್ ಆದ ಮೇಲೆ ಪೋರ್ಟುಗಳ ಚೂಪು ಅಂಚನ್ನು ಸ್ವಲ್ಪ ಇಳಿಸಲೇಬೇಕು. ಬೈಕ್, ಕಾರು ಮಾಡುವ ಲೇತಿನವರು ಇದನ್ನು ಮರೆಯುತ್ತಾರೆ, ಅಂಚು ಹಾಗೇ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕ್‌ಕೇಸ್ ಬಿಚ್ಚದೆ ಇರಬೇಡಿ, ಅಲ್ಯೂಮಿನಿಯಂ ಚೂರು ಅಲ್ಲೇ ಇದೆ. ಕನೆಕ್ಟಿಂಗ್ ರಾಡ್ ಅಕ್ಕಪಕ್ಕ ಸ್ವಲ್ಪ ಆಡುವುದು ಸಹಜ, ಉದ್ದಕ್ಕೆ ಎಳೆದು ದೂಡಿದಾಗ ಟಕ್ ಅಂದರೆ ಬೇರಿಂಗ್ ಹೋಗಿದೆ. ಹೇಗೂ ಬಿಚ್ಚಿದ್ದೀರಿ, ಮೇಲಿನ, ಕೆಳಗಿನ ಎರಡೂ ಸೀಲ್ ಹೊಸದು ಹಾಕಿ. ಕೇಸಿನ ಎರಡು ಭಾಗದ ಮುಖಕ್ಕೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಗೀರಾದರೆ ಗಾಳಿ ಸೋರುತ್ತದೆ. ಕೂಡಿಸುವಾಗ ಪಿಸ್ಟನ್ನಿನ ಗುರುತು ಸರಿಯಾದ ದಿಕ್ಕಿಗಿರಲಿ, ರಿಂಗಿನ ಬಾಯಿ ಪಿಸ್ಟನ್ನಿನ ಪ್ರತಿ ತೋಡಿನಲ್ಲಿರುವ ಸಣ್ಣ ಪಿನ್ನಿಗೇ ಕೂರಬೇಕು.

ಹೆಡ್ ಒಳಗಿನ ಉಪ್ಪು ವಿನೆಗರಲ್ಲಿ ನೆನೆಸಿ ಕೆರೆದು ತೆಗೆಯಿರಿ, ಬ್ಲಾಕಿನ ದಾರಿಗಳನ್ನೂ ಬಿಡಬೇಡಿ. ಹೆಡ್ ಪ್ಯಾಕಿಂಗ್, ಥರ್ಮೋಸ್ಟಾಟ್, ಇಂಪೆಲ್ಲರ್ ಹೊಸದೇ ಬೇಕು. ತುಂಡಾದ ಇಂಪೆಲ್ಲರ್ ಎಸಳು ಎಲ್ಲಿದೆ ಹುಡುಕಿ, ಅದು ಮೇಲಿನ ಪೈಪಲ್ಲೇ ಸಿಕ್ಕಿರುತ್ತದೆ.

ಹೊನ್ನಾವರ ಬಂದರು:
ಪೆಟ್ರೋಲ್ ಪೈಪೂ ನೋಡಿಕೊಳ್ಳಿ ಅಣ್ಣ. ಈಗ ಬಂಕಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಹಳೆ ರಬ್ಬರ್ ಪೈಪ್, ಫ್ಯುಯೆಲ್ ಪಂಪಿನ ಡಯಾಫ್ರಮ್ ಮೆತ್ತಗಾಗುತ್ತದೆ.

ಮಲ್ಪೆ ಮೆಕ್ಯಾನಿಕ್:
ಹೌದು, ಅದೂ ಬದಲಿಸಿ. ಮೊದಲ ಸ್ಟಾರ್ಟ್ ನೀರು ತುಂಬಿದ ಡ್ರಮ್ಮಲ್ಲಿ, ಪಂಪ್ ಮುಳುಗಿರಬೇಕು, ಒಣಗಿಸಿ ಒಂದು ಕ್ಷಣವೂ ಬೇಡ. ಇಂಧನಕ್ಕೆ ಆಯಿಲ್ ಬೆರೆಸುವ ಅಳತೆ ಮಾಮೂಲಿ 50ಕ್ಕೆ 1 ಆಗಿದ್ದರೆ ಮೊದಲ 10 ಗಂಟೆ 25ಕ್ಕೆ 1 ಹಾಕಿ, ಅಂದರೆ ಲೀಟರಿಗೆ 40 ಎಂಎಲ್, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವ ಔಟ್‌ಬೋರ್ಡ್ ಆಯಿಲೇ. ಬೈಕಿನ 2ಟಿ ಆಯಿಲ್ ಬೇಡ, ಅದು ಗಾಳಿಯಲ್ಲಿ ತಣಿಯುವ ಎಂಜಿನಿಗೆ ಮಾಡಿದ್ದು. ಆ 10 ಗಂಟೆ ಫುಲ್ ಥ್ರಾಟಲ್ ಎಳೆಯಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿಯೇ ನಿಲ್ಲಿಸಿ. ದಡಕ್ಕೆ ಬಂದ ಮೇಲೆ ಸಿಹಿನೀರಲ್ಲಿ ಓಡಿಸುವುದು ಇನ್ನು ಮುಂದೆ ತಪ್ಪಿಸಬೇಡಿ, ಆ ಬಿಳಿ ಕಲ್ಲು ಕಟ್ಟಿದ್ದು ಅದಿಲ್ಲದೆಯೇ.

ತ್ರಾಸಿ ದೋಣಿ:
0.50 ಪಿಸ್ಟನ್ ಉಡುಪಿಯಲ್ಲಿ ಸಿಕ್ಕಿತು, ಬೋರ್ ಆಯಿತು, ಪೋರ್ಟ್ ಅಂಚು ಇಳಿಸಲು ನಾನೇ ನಿಂತು ಹೇಳಿ ಮಾಡಿಸಿದೆ. ಎಸಳಿನ ತುಂಡು ನೀವು ಹೇಳಿದ ಪೈಪಲ್ಲೇ ಇತ್ತು. ಡ್ರಮ್ಮಲ್ಲಿ ಓಡುತ್ತಿದೆ, ನೀರಿನ ಧಾರೆ ದಪ್ಪಗೆ ಬರುತ್ತಿದೆ, ಹೆಡ್ ಮೇಲೆ ಕೈ ಇಡುವಷ್ಟೇ ಬಿಸಿ. ಕಂಪ್ರೆಷನ್ ಮೇಲೆ 95, ಕೆಳಗೆ 90. 10 ಗಂಟೆ ಆದ ಮೇಲೆ ಮತ್ತೆ ಅಳತೆ ಮಾಡಿ ಇಲ್ಲೇ ಹಾಕುತ್ತೇನೆ.