ಅಪ್‌ಡೇಟ್: ‘ಗೋಲ್ಡನ್ ಸನ್’ ಆಡಿ ಮುಗಿಸಿದ್ದೇನೆ

ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಗೇಮ್ ಸಾಧನ ಗೇಮ್ ಬಾಯ್ ಅಡ್ವಾನ್ಸ್‌ಗೆ 2001ರಲ್ಲಿ ಬಂದ ರೋಲ್-ಪ್ಲೇಯಿಂಗ್ ವಿಡಿಯೊ ಗೇಮ್ ‘ಗೋಲ್ಡನ್ ಸನ್’ ಇಂದಿಗೂ ಆಡಲು ಯೋಗ್ಯವೇ, ಇಲ್ಲವೇ ಅದರ ಹೊಗಳಿಕೆಯೆಲ್ಲ ಹಳೆಯ ನೆನಪಿನ ಮಮಕಾರವೇ ಎಂದು ನಾನು ಹಿಂದೆ ಕೇಳಿದ್ದೆ. ಕಾಳಗಕ್ಕಿಂತ ಒಗಟುಗಳನ್ನು ಗಮನಿಸಿ ಎಂದು ಕೆಲವರು ಹೇಳಿದ್ದಿರಿ. ಆ ಮಾತು ನಿಜವಾಯಿತು.

ಈ ಬಗೆಯ ಅನೇಕ ಆಟಗಳಲ್ಲಿ ಮಂತ್ರಶಕ್ತಿಗೆ ಯುದ್ಧದ ಹೊರಗೆ ಹೆಚ್ಚಿನ ಕೆಲಸವಿರುವುದಿಲ್ಲ. ಇಲ್ಲಿ ‘ಮೂವ್’ ಪ್ರಯೋಗಿಸಿದರೆ ಗಾಳಿಯಲ್ಲಿ ದೊಡ್ಡದೊಂದು ಹಸ್ತ ಮೂಡಿ ಕಂಬವನ್ನು ಪಕ್ಕಕ್ಕೆ ಸರಿಸುತ್ತದೆ, ‘ಫ್ರಾಸ್ಟ್’ ನೆಲದ ಮೇಲಿನ ನೀರನ್ನು ಮಂಜುಗಡ್ಡೆಯ ಕಂಬವಾಗಿಸುತ್ತದೆ, ಇನ್ನೊಂದು ಶಕ್ತಿಯಿಂದ ಊರಿನವರ ಮನಸ್ಸಿನಲ್ಲಿರುವುದನ್ನು ಓದಬಹುದು (ಹಲವರು ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರುತ್ತಾರೆ!). ಜಿನ್‌ಗಳ (ಆಟದಲ್ಲಿ ಹುಡುಕಿ ಸೇರಿಸಿಕೊಳ್ಳುವ ಪುಟ್ಟ ಮಾಯಾಜೀವಿಗಳ) ವ್ಯವಸ್ಥೆಯೂ ಜಾಣತನದ್ದು: ಜೊತೆಗಿಟ್ಟುಕೊಂಡಾಗ ಪಾತ್ರದ ಬಲ ಹೆಚ್ಚುತ್ತದೆ, ಕಾಳಗದಲ್ಲಿ ಬಳಸಿದೊಡನೆ ಆ ಬಲ ಕುಗ್ಗುತ್ತದೆ, ಆದರೆ ಹಾಗೆ ಬಳಸಿದ ಜಿನ್‌ಗಳಿಂದಲೇ ಮಹಾಶಕ್ತಿಗಳನ್ನು ಆವಾಹಿಸಬೇಕಾಗುತ್ತದೆ.

ಕೊರತೆಗಳಿಲ್ಲವೆಂದಲ್ಲ. ಸಂಭಾಷಣೆಗಳನ್ನು ವಿಪರೀತ ಎಳೆಯಲಾಗಿದೆ. ಗುರಿಯಿಟ್ಟ ಶತ್ರು ಮೊದಲೇ ಸತ್ತರೆ ನಮ್ಮ ತಂಡದ ಉಳಿದವರು ಬೇರೆಯವನ ಮೇಲೆ ತಿರುಗದೆ ಸುಮ್ಮನೆ ರಕ್ಷಣೆಗೆ ನಿಲ್ಲುವುದು ಕೊನೆಯವರೆಗೂ ನನಗೆ ರೇಗಿಸಿತು. ಕಥೆಯಂತೂ ನಡುವೆಯೇ ನಿಂತು, 2002ರ ‘ದಿ ಲಾಸ್ಟ್ ಏಜ್’ನಲ್ಲಿ ಮುಂದುವರಿಯುತ್ತದೆ.

ಎಲ್ಲ ವಿವರಗಳನ್ನೂ ಎರಡನೆಯ ಭಾಗಕ್ಕೆ ಒಯ್ಯುವ 260 ಅಕ್ಷರಗಳ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದುಕೊಂಡಿದ್ದೇನೆ. ಎಲ್ಲೋ ಒಂದು ಅಕ್ಷರ ತಪ್ಪಿದೆ. ಈಗ ಮೊದಲಿನಿಂದ ತಾಳೆ ನೋಡುತ್ತಿದ್ದೇನೆ.